ಅಡುಗೆ ಊರಿನದು, ಬರಹ ಯಾರದು?

ಎಳ್ಳ ಅಮಾವಾಸ್ಯೆಯ ದಿನ ಬೀದರ ಜಿಲ್ಲೆಯಲ್ಲಿ ಊರುಗಳು ಖಾಲಿಯಾಗಿ ಹೊಲಗಳು ತುಂಬುತ್ತವೆ. ಜೋಳದ ದಂಟಿನ ಕೊಂಪೆ ಕಟ್ಟಿ, ಅದರೊಳಗೆ ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಬೆಳೆಗೆ ಚರಗ ಚೆಲ್ಲಿದ ಮೇಲೆ ಊಟಕ್ಕೆ ಕೂಡುವುದು ಇಲ್ಲಿನ ಪದ್ಧತಿ. ಬುತ್ತಿಯಲ್ಲಿ ಬೇರೆ ಏನಿರಲಿ ಬಿಡಲಿ, ಭಜ್ಜಿ ಮತ್ತು ಅಂಬಲಿ ಇರಲೇಬೇಕು. ದಕ್ಷಿಣದ ಓದುಗರು ಇದನ್ನು ಎಣ್ಣೆಯಲ್ಲಿ ಕರಿದ ಬಜ್ಜಿಯೆಂದು ತಿಳಿಯಬಾರದು. ಹಸಿ ಕಡಲೆ, ಅವರೆ, ತೊಗರಿ, ಮೆಂತ್ಯದ ಸೊಪ್ಪು, ಉಳ್ಳಾಗಡ್ಡಿ ತಪ್ಪಲು, ಗಜ್ಜರಿ, ಹೀಗೆ ಆ ಹಂಗಾಮಿನಲ್ಲಿ ಹೊಲ ಕೊಟ್ಟದ್ದನ್ನೆಲ್ಲ ಕೂಡಿಸಿ, ಹುಣಸೆಹುಳಿ ಮತ್ತು ಕಡಲೆ ಹಿಟ್ಟಿನಲ್ಲಿ ಕುದಿಸಿದ ಗಟ್ಟಿ ಪಲ್ಯ ಅದು.

ಈ ಭಜ್ಜಿ ಯಾರದು ಎಂದು ಹೊಲದಲ್ಲಿ ಕುಳಿತವರನ್ನು ಕೇಳಿದರೆ ನಕ್ಕಾರು. ಆದರೆ ಇದೇ ಪ್ರಶ್ನೆ ಅಚ್ಚಿನ ಮನೆಯ ಬಾಗಿಲಲ್ಲಿ ಎದುರಾದರೆ ನಗುವಷ್ಟು ಹಗುರವಾಗಿ ಉಳಿಯುವುದಿಲ್ಲ. ಬೀದರ ನಗರಕ್ಕೆ ಸಮೀಪದ ಕಮಠಾಣದಂತಹ ಊರಿನ ಒಂದು ಮಹಿಳಾ ಸಂಘ ತಮ್ಮೂರಿನ ನೂರು ಅಡುಗೆಗಳ ಪುಸ್ತಕ ತರಲು ಹೊರಟಿತೆಂದು ಇಟ್ಟುಕೊಳ್ಳೋಣ. ಕೆಲವು ಅಡುಗೆಗಳು ಅಜ್ಜಿಯರ ಬಾಯಿಂದ ಬಂದಿರುತ್ತವೆ. ಕೆಲವನ್ನು ಯಾರೋ ಮರಾಠಿ ಪುಸ್ತಕದಿಂದ ಇಳಿಸಿಕೊಂಡಿರುತ್ತಾರೆ. ಕೆಲವು ಹಳೆಯ ಪತ್ರಿಕೆಯ ಕತ್ತರಿಕೆಗಳು, ಕೆಲವು ಮೊಬೈಲ್ ಫೋನಿನಲ್ಲಿ ನೋಡಿ ಕಲಿತವು. ಇವನ್ನೆಲ್ಲ ಸೇರಿಸಿ ಅಚ್ಚು ಹಾಕಬಹುದೆ? ಯಾರ ಅಪ್ಪಣೆ ಕೇಳಬೇಕು? ಯಾರ ಹೆಸರು ಹಾಕಬೇಕು? ಮುಂದೆ ಯಾರಾದರೂ ಈ ಪುಸ್ತಕವನ್ನೇ ನಕಲು ಮಾಡಿದರೆ ಸಂಘಕ್ಕೆ ಕೇಳುವ ಹಕ್ಕಿದೆಯೆ?

ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿ 2023 ಆಚರಣೆಗೊಂಡ ಮೇಲೆ ಜೋಳ, ಸಜ್ಜೆ, ನವಣೆಗಳ ಅಡುಗೆಯ ಕಡೆಗೆ ಪೇಟೆಯ ಕಣ್ಣು ಹೊರಳಿದೆ. ಮನೆಯ ಒಲೆಯ ಮುಂದಿನ ತಿಳಿವಳಿಕೆಗೆ ಮಾರುಕಟ್ಟೆಯಲ್ಲಿ ಬೆಲೆ ಬಂದಿದೆ. ಬೆಲೆ ಬಂದಲ್ಲಿ ಒಡೆತನದ ಮಾತೂ ಬರುತ್ತದೆ.

ಕಾಯ್ದೆ ಕಾಯುವುದು ಯಾವುದನ್ನು?

ನಮ್ಮ ದೇಶದಲ್ಲಿ ಬರಹದ ಒಡೆತನವನ್ನು ನಿರ್ಧರಿಸುವುದು 1957ರ ಕೃತಿಸ್ವಾಮ್ಯ ಕಾಯ್ದೆ. ಇದು 1958ರ ಜನವರಿ 21ರಂದು ಜಾರಿಗೆ ಬಂದಿತು. ಸಾಹಿತ್ಯ, ನಾಟಕ, ಸಂಗೀತ, ಕಲಾಕೃತಿಗಳು, ಚಲನಚಿತ್ರ ಮತ್ತು ಧ್ವನಿಮುದ್ರಣ ಇದರ ವ್ಯಾಪ್ತಿಗೆ ಬರುತ್ತವೆ. ‘ಸಾಹಿತ್ಯ’ ಎಂಬ ಮಾತಿಗೆ ಇಲ್ಲಿ ಕಥೆ ಕವನವೆಂಬ ಅರ್ಥವಷ್ಟೇ ಇಲ್ಲ. ಪಟ್ಟಿಗಳು, ಸಂಕಲನಗಳು ಕೂಡ ಅದರೊಳಗೆ ಸೇರುತ್ತವೆ. ಆದರೆ ಅಡುಗೆಯ ವಿಧಾನದ ಬಗ್ಗೆ ಕಾಯ್ದೆಯಲ್ಲಿ ಪ್ರತ್ಯೇಕ ಮಾತಿಲ್ಲ. ಹೀಗಾಗಿ ಸಾಮಾನ್ಯ ತತ್ವವನ್ನೇ ಅಡುಗೆಗೂ ಅನ್ವಯಿಸಿ ನೋಡಬೇಕಾಗುತ್ತದೆ.

ಆ ತತ್ವ ಸರಳ. ವಿಚಾರಕ್ಕೆ ಒಡೆಯನಿಲ್ಲ, ಅದನ್ನು ಹೇಳಿದ ರೀತಿಗೆ ಒಡೆಯನಿದ್ದಾನೆ. ಭಾರತದಲ್ಲಿ ಇದನ್ನು ಸ್ಪಷ್ಟಪಡಿಸಿದ್ದು 1978ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ಆರ್.ಜಿ. ಆನಂದ್ ಪ್ರಕರಣದ ತೀರ್ಪು. ತಮ್ಮ ‘ಹಮ್ ಹಿಂದೂಸ್ತಾನಿ’ ನಾಟಕವನ್ನು ‘ನ್ಯೂ ಡೆಲ್ಲಿ’ ಎಂಬ ಹಿಂದಿ ಚಿತ್ರ ನಕಲು ಮಾಡಿದೆ ಎಂಬುದು ನಾಟಕಕಾರ ಆನಂದ್ ಅವರ ದೂರು. ವಸ್ತು ಒಂದೇ ಇರಬಹುದು, ಆದರೆ ಅದನ್ನು ಬೆಳೆಸಿದ ಬಗೆ, ಪ್ರಸಂಗಗಳ ಜೋಡಣೆ ಬೇರೆಯಾಗಿದ್ದರೆ ಅದು ಉಲ್ಲಂಘನೆಯಲ್ಲ ಎಂದು ನ್ಯಾಯಾಲಯ ಹೇಳಿತು.

ಅಡುಗೆಗೇ ಸಂಬಂಧಿಸಿದ ಹೆಸರಾಂತ ತೀರ್ಪು ಅಮೆರಿಕದ್ದು. ಮೊಸರಿನ ಅಡುಗೆಗಳ ಪುಸ್ತಕವೊಂದನ್ನು 1988ರಲ್ಲಿ ಪ್ರಕಟಿಸಿದ್ದ ಮೆರೆಡಿತ್ ಸಂಸ್ಥೆ, ತನ್ನ ವಿಧಾನಗಳನ್ನು ಬಳಸಿಕೊಂಡಿತೆಂದು ಪಬ್ಲಿಕೇಷನ್ಸ್ ಇಂಟರ್‌ನ್ಯಾಷನಲ್ ಎಂಬ ಇನ್ನೊಂದು ಪ್ರಕಾಶನ ಸಂಸ್ಥೆಯ ಮೇಲೆ ನ್ಯಾಯಾಲಯದಲ್ಲಿ ಆರೋಪ ಹೊರಿಸಿತ್ತು. ಬೇಕಾದ ಸಾಮಗ್ರಿಗಳ ಪಟ್ಟಿ ಮತ್ತು ಮಾಡುವ ಕ್ರಮದ ಬರಿ ಸೂಚನೆ, ಇವೆರಡಕ್ಕೂ ಕೃತಿಸ್ವಾಮ್ಯವಿಲ್ಲವೆಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ 1996ರಲ್ಲಿ ತೀರ್ಪಿತ್ತಿತು. ಆದರೆ ಅಡುಗೆಯ ಜೊತೆಗೆ ಲೇಖಕರು ಸೇರಿಸುವ ವಿವರಣೆ, ನೆನಪು, ಸಲಹೆಗಳ ಮಾತು ಬೇರೆ ಎಂಬುದನ್ನೂ ಅದು ಗುರುತಿಸಿತು. ಅಮೆರಿಕದ ತೀರ್ಪು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ. ಆದರೂ ಅದರ ತರ್ಕ ಆನಂದ್ ಪ್ರಕರಣದ ತರ್ಕಕ್ಕೆ ಹತ್ತಿರವಾದದ್ದೇ.

ಒಂದೇ ಭಜ್ಜಿ, ಎರಡು ಬರಹ

ಇದನ್ನು ಭಜ್ಜಿಯ ಮೂಲಕವೇ ತಿಳಿಯಬಹುದು. ಪುಸ್ತಕದಲ್ಲಿ ಹೀಗೆ ಬರೆದಿದೆಯೆನ್ನಿ: ‘ಹಸಿ ಕಾಳುಗಳನ್ನು ಬೇಯಿಸಿರಿ. ಹೆಚ್ಚಿದ ಸೊಪ್ಪು ಮತ್ತು ಗಜ್ಜರಿ ಸೇರಿಸಿರಿ. ಹುಣಸೆ ರಸದಲ್ಲಿ ಕಲಸಿದ ಕಡಲೆ ಹಿಟ್ಟನ್ನು ಬಿಟ್ಟು ಕುದಿಸಿರಿ. ಬಳ್ಳೊಳ್ಳಿಯ ಒಗ್ಗರಣೆ ಕೊಡಿರಿ.’ ಈ ನಾಲ್ಕು ವಾಕ್ಯಗಳಲ್ಲಿ ಬರೆದವರದೆಂಬುದು ಬಹಳ ಕಡಿಮೆ. ಭಜ್ಜಿ ಮಾಡುವುದು ಹಾಗೆಯೇ, ಹೇಳುವುದೂ ಹೆಚ್ಚು ಕಡಿಮೆ ಹಾಗೆಯೇ. ಮತ್ತೊಬ್ಬರು ಇದೇ ಕ್ರಮವನ್ನು ತಮ್ಮ ಮಾತಿನಲ್ಲಿ ಬರೆದರೆ ತಕರಾರು ನಿಲ್ಲುವುದಿಲ್ಲ.

ಇನ್ನೊಬ್ಬರು ಹೀಗೆ ಬರೆದಿದ್ದಾರೆನ್ನಿ: ‘ಆ ವಾರ ಹೊಲದಲ್ಲಿ ಹಸಿರಾಗಿ ಏನಿದೆಯೋ ಅದೆಲ್ಲ ಈ ಗಡಿಗೆಗೆ ಬರಬೇಕು. ಕಾಳು ಬೆರಳಿಗೆ ಮೆತ್ತಗೆ ಸಿಗಬೇಕು, ಕರಗಿ ಹೋಗಬಾರದು. ಹಿಟ್ಟು ಬಿಡುವಾಗ ಒಬ್ಬರು ಸುರಿಯಬೇಕು, ಇನ್ನೊಬ್ಬರು ಸೌಟು ಆಡಿಸಬೇಕು. ಒಂಟಿ ಕೈಗೆ ಭಜ್ಜಿ ಗಂಟಾಗುತ್ತದೆ.’ ಪದಾರ್ಥ ಅದೇ, ಮಾಡುವ ಕ್ರಮವೂ ಅದೇ. ಆದರೆ ಈ ವಾಕ್ಯಗಳು ಬರೆದವರ ಸ್ವಂತದವು. ಇವನ್ನು ಹಾಗೆಯೇ ಎತ್ತಿ ತಮ್ಮ ಪುಸ್ತಕದಲ್ಲಿ ಹಾಕಿಕೊಂಡರೆ, ಕೊನೆಯಲ್ಲಿ ಒಂದು ಚಮಚ ಜೀರಿಗೆ ಹೆಚ್ಚಿಸಿದ ಮಾತ್ರಕ್ಕೆ ಅದು ಹೊಸ ಬರಹವಾಗುವುದಿಲ್ಲ.

ಹಳ್ಳಿಯಿಂದ ಪಟ್ಟಣದವರೆಗೆ ಒಂದು ನಂಬಿಕೆ ಹರಡಿದೆ. ಮೂರು ಪದಾರ್ಥ ಬದಲಿಸಿದರೆ ಸಾಕು, ಅಡುಗೆ ನಮ್ಮದಾಗುತ್ತದೆ ಎಂಬುದು. ಕಾಯ್ದೆಯಲ್ಲಿ ಇಂತಹ ಲೆಕ್ಕ ಎಲ್ಲಿಯೂ ಇಲ್ಲ. ಪದಾರ್ಥಗಳನ್ನು ಒಂದನ್ನೂ ಬದಲಿಸದೆ, ನೀವೇ ಮಾಡಿ ನೋಡಿ, ನಿಮ್ಮ ಮಾತಿನಲ್ಲಿ ಬರೆದರೆ ಕಾನೂನಿನ ತೊಡಕಿಲ್ಲ. ಹತ್ತು ಪದಾರ್ಥ ಬದಲಿಸಿಯೂ ಇತರರ ವಾಕ್ಯಗಳನ್ನು ಉಳಿಸಿಕೊಂಡರೆ ತೊಡಕಿದೆ. ಪುಸ್ತಕವನ್ನು ಮಾರದೆ ಉಚಿತವಾಗಿ ಹಂಚುತ್ತೇವೆ, ಆದ್ದರಿಂದ ನಕಲು ಮಾಡಬಹುದು ಎಂಬುದೂ ಇಂತಹದೇ ಇನ್ನೊಂದು ತಪ್ಪು ತಿಳಿವಳಿಕೆ. ಸ್ವಂತ ಬಳಕೆ, ವಿಮರ್ಶೆ, ಸುದ್ದಿ ವರದಿ ಮುಂತಾದ ಕೆಲವು ಉದ್ದೇಶಗಳಿಗೆ ಕಾಯ್ದೆಯ 52ನೇ ಕಲಮು ವಿನಾಯಿತಿ ನೀಡಿದೆ. ಬೇರೆಯವರ ಪುಟಗಳನ್ನು ಅಚ್ಚು ಹಾಕಿ ಊರಿಗೆ ಹಂಚುವುದು ಆ ವಿನಾಯಿತಿಯೊಳಗೆ ಬರುವುದು ಕಷ್ಟ.

ಛಾಯಾಚಿತ್ರ, ರೇಖಾಚಿತ್ರಗಳಿಗೆ ಬೇರೆಯೇ ಹಕ್ಕಿದೆ. ಇತರರ ತಾಟಿನ ಚಿತ್ರ ಎತ್ತಿಕೊಂಡು, ಅಡುಗೆ ನಮ್ಮದೇ ಎಂದು ಹೇಳಿದರೆ ನಡೆಯದು.

ಗಡಿ ಜಿಲ್ಲೆಯ ವಿಶೇಷ ತೊಡಕು

ಬೀದರ ಮೂರು ಭಾಷೆಗಳ ಸೀಮೆ. ಭಾಲ್ಕಿ, ಔರಾದ ಕಡೆಯ ಮನೆಗಳಲ್ಲಿ ಕನ್ನಡ ಮತ್ತು ಮರಾಠಿ ಒಟ್ಟಿಗೆ ಬಾಳುತ್ತವೆ. ನಗರದಲ್ಲಿ ಉರ್ದುವಿನ ಬಳಕೆ ಧಾರಾಳ. ತೆಲುಗು ಕೂಡ ದೂರದ್ದಲ್ಲ. ಹೀಗಾಗಿ ಇಲ್ಲಿಯ ಅಡುಗೆ ಪುಸ್ತಕಕ್ಕೆ ಅನುವಾದದ ಪ್ರಶ್ನೆ ತಪ್ಪಿದ್ದಲ್ಲ. ಮರಾಠಿಯಿಂದ ಕನ್ನಡಕ್ಕೆ ತಂದರೆ ಅದು ನಮ್ಮದೇ ಬರಹ ಎಂದು ಹಲವರು ಎಣಿಸುತ್ತಾರೆ. ಆದರೆ ಅನುವಾದದ ಹಕ್ಕೂ ಮೂಲ ಕರ್ತೃವಿನದೇ. ಕಮಲಾಬಾಯಿ ಓಗಲೆಯವರ ‘ರುಚಿರಾ’ 1970ರಲ್ಲಿ ಬಂದು ಮರಾಠಿ ಮನೆಗಳಲ್ಲಿ ನೆಲೆ ನಿಂತ ಪುಸ್ತಕ. ಅಂತಹ ಪುಸ್ತಕದಿಂದ ಒಂದು ಅಡುಗೆ ಕಲಿತು ಮಾಡಲು ಯಾರ ಅಪ್ಪಣೆಯೂ ಬೇಡ. ಅದರ ಒಂದು ಪುಟವನ್ನು ಸಾಲು ಸಾಲಾಗಿ ಕನ್ನಡಿಸಿ ಅಚ್ಚು ಹಾಕಲು ಅಪ್ಪಣೆ ಬೇಕು.

ಈ ಹಕ್ಕು ಎಷ್ಟು ಕಾಲ? ಕರ್ತೃವಿನ ಜೀವಮಾನ ಮತ್ತು ಆ ಬಳಿಕ 60 ವರ್ಷ. ಮೊದಲು 50 ವರ್ಷವಿದ್ದುದನ್ನು 1992ರಲ್ಲಿ 60ಕ್ಕೆ ಏರಿಸಲಾಯಿತು. ರವೀಂದ್ರನಾಥ ಠಾಕೂರರ ಕೃತಿಗಳ ಅವಧಿ ಮುಗಿಯುತ್ತ ಬಂದಿದ್ದುದು ಅದಕ್ಕೆ ನಿಮಿತ್ತ. ಲೆಕ್ಕ ತೊಡಗುವುದು ಕರ್ತೃ ತೀರಿಕೊಂಡ ಮರುವರ್ಷದ ಜನವರಿಯಿಂದ. ಡಾ. ಶಿವರಾಮ ಕಾರಂತರು 1997ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರ ಬರಹಗಳ ಮೇಲಿನ ಹಕ್ಕು 2057ರ ಕೊನೆಯವರೆಗೆ ಉಳಿಯುತ್ತದೆ. ಅಜ್ಜಿಯ ಕೈಬರಹದ ಅಡುಗೆ ವಹಿಗೂ ನಿಯಮದ ತಿರುಳು ಇದೇ. ಅಜ್ಜಿ ಇಲ್ಲವಾದ ಮೇಲೆ ಆ ಬರಹದ ಹಕ್ಕು ವಾರಸುದಾರರಿಗೆ ಹೋಗುತ್ತದೆ. ವಹಿ ಯಾರ ಪೆಟ್ಟಿಗೆಯಲ್ಲಿದೆ ಎಂಬುದು ಮುಖ್ಯವಲ್ಲ.

ಕಲ್ಯಾಣದ ಅರಸ, ಹೆಸರಿಲ್ಲದ ಬಾಣಸಿಗ

ಅಡುಗೆಯನ್ನು ಬರಹಕ್ಕಿಳಿಸುವ ಕೆಲಸ ಈ ನೆಲಕ್ಕೆ ಹೊಸದಲ್ಲ. ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಕ್ರಿ.ಶ. 1025ರ ಸುಮಾರಿಗೆ, ಚಾವುಂಡರಾಯ ರಚಿಸಿದ ಕನ್ನಡದ ‘ಲೋಕೋಪಕಾರ’ದಲ್ಲಿ ಕೃಷಿ, ವೈದ್ಯ, ಜಲಶೋಧನೆಗಳ ಜೊತೆಗೆ ಪಾಕದ ವಿಷಯವೂ ಇದೆ. ಅದಾದ ನೂರು ವರ್ಷಗಳ ಮೇಲೆ ಕಲ್ಯಾಣದಲ್ಲಿ ಆಳಿದ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ರಚಿಸಿದ. ಆ ಕಲ್ಯಾಣವೇ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಆ ಗ್ರಂಥದ ಅನ್ನಭೋಗದ ಭಾಗದಲ್ಲಿ ಅನ್ನ, ಬೇಳೆ, ಮಾಂಸ, ಮೀನು, ತಿಂಡಿಗಳ ವಿವರಗಳಿವೆ. ಇಡ್ಲಿ ದೋಸೆಗಳ ಇತಿಹಾಸ ಹೇಳುವವರು ಇಂದಿಗೂ ಆ ಪುಟಗಳ ಕಡೆಗೆ ಬೆರಳು ತೋರಿಸುತ್ತಾರೆ. ಹದಿನಾರನೆಯ ಶತಮಾನದ ಆದಿಭಾಗದಲ್ಲಿ ಮೂರನೆಯ ಮಂಗರಸ ಕನ್ನಡದಲ್ಲಿ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ಬರೆದ.

ಈ ಗ್ರಂಥಗಳಿಗೆಲ್ಲ ಕರ್ತೃಗಳ ಹೆಸರಿದೆ. ಸೋಮೇಶ್ವರನ ಅಡುಗೆಮನೆಯಲ್ಲಿ ಆ ಪಾಕಗಳನ್ನು ಇಳಿಸುತ್ತಿದ್ದವರ ಹೆಸರಿಲ್ಲ. ಅರಸ ತಾನೇ ಒಲೆಯ ಮುಂದೆ ಕುಳಿತು ಇಷ್ಟೆಲ್ಲ ಕಲಿತನೆಂದು ಯಾರೂ ನಂಬುವುದಿಲ್ಲ. ಬಾಣಸಿಗರು ಮಾಡಿದರು, ಗ್ರಂಥ ಅರಸನದಾಯಿತು. ಆ ಕಾಲದ ರೂಢಿಯಲ್ಲಿ ಇದು ಅನ್ಯಾಯವೆಂದು ಯಾರಿಗೂ ತೋರಿರಲಾರದು. ಆದರೆ ಒಂಬತ್ತು ಶತಮಾನಗಳ ಬಳಿಕವೂ ಅದೇ ರೂಢಿ ಬಹುಮಟ್ಟಿಗೆ ಉಳಿದಿದೆ. ‘ಸಂಗ್ರಹ: ಇಂಥವರು’ ಎಂಬ ಒಂದು ಸಾಲಿನ ಹಿಂದೆ ನಲವತ್ತು ಮನೆಗಳ ಹೆಂಗಸರು ಮರೆಯಾಗುತ್ತಾರೆ.

ಸೌಟು ಹಿಡಿದವರೋ, ಲೇಖನಿ ಹಿಡಿದವರೋ?

ಇಲ್ಲಿ ಕಾನೂನು ನೆರವಿಗೆ ಬರುತ್ತದೆಯೆ ಎಂದು ನೋಡಿದರೆ ಉತ್ತರ ಸಮಾಧಾನ ತರುವಂತಹದಲ್ಲ. ಎಪ್ಪತ್ತು ವರ್ಷದ ಅಜ್ಜಿ ಅಕ್ಷರ ಕಲಿತವಳಲ್ಲ. ಅವಳು ಹೇಳುತ್ತಾಳೆ, ಕಾಲೇಜಿಗೆ ಹೋಗುವ ಮೊಮ್ಮಗಳು ಬರೆದುಕೊಳ್ಳುತ್ತಾಳೆ. ಆ ಬರಹದ ಕರ್ತೃ ಯಾರು?

ಇಂತಹ ಪ್ರಶ್ನೆ ಇಂಗ್ಲೆಂಡಿನಲ್ಲಿ 1900ರಲ್ಲಿ ಬಂದಿತ್ತು. ಲಾರ್ಡ್ ರೋಸ್‌ಬರಿಯವರ ಭಾಷಣಗಳನ್ನು ‘ಟೈಮ್ಸ್’ ಪತ್ರಿಕೆಯ ವರದಿಗಾರರು ಶೀಘ್ರಲಿಪಿಯಲ್ಲಿ ಬರೆದುಕೊಂಡು ತಿದ್ದಿ ಪ್ರಕಟಿಸಿದ್ದರು. ಲೇನ್ ಎಂಬ ಪ್ರಕಾಶಕರು ಅವನ್ನು ಪುಸ್ತಕವಾಗಿ ತಂದರು. ಭಾಷಣ ರೋಸ್‌ಬರಿಯವರದಾದರೂ ಆ ವರದಿಯ ಕರ್ತೃಗಳು ವರದಿಗಾರರೇ ಎಂದು ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿತು. 1937ರಲ್ಲಿ ಇನ್ನೊಂದು ಪ್ರಕರಣ ಬಂತು. ಹೆಸರಾಂತ ಕುದುರೆ ಸವಾರ ಸ್ಟೀವ್ ಡೊನೊಹ್ಯೂ ತಮ್ಮ ಅನುಭವಗಳನ್ನು ಪತ್ರಕರ್ತನೊಬ್ಬನಿಗೆ ಹೇಳಿದ್ದರು. ಆತ ಅವನ್ನು ಲೇಖನಗಳಾಗಿ ಬರೆದಿದ್ದ. ಅನುಭವ ಸವಾರನದು, ಮಾತು ಪತ್ರಕರ್ತನದು, ಆದ್ದರಿಂದ ಕೃತಿಸ್ವಾಮ್ಯದಲ್ಲಿ ಸವಾರನಿಗೆ ಪಾಲಿಲ್ಲವೆಂದು ನ್ಯಾಯಾಲಯ ಹೇಳಿತು. ಹೇಳಿದವರ ಮಾತುಗಳನ್ನೇ ಉಕ್ತಲೇಖನದಂತೆ ಬರೆದುಕೊಂಡಿದ್ದರೆ ಸಂಗತಿ ಬೇರೆಯಾಗಬಹುದು. ಆಗ ಬರೆದುಕೊಂಡವನು ಬರಿ ಲಿಪಿಕಾರ ಎನ್ನಲು ಅವಕಾಶವಿದೆ.

ಇವು ಹೊರದೇಶದ ಹಳೆಯ ತೀರ್ಪುಗಳು. ಆದರೆ ಇವು ತೋರುವ ದಾರಿಯನ್ನು ನಮ್ಮ ಅಡುಗೆ ಪುಸ್ತಕಕ್ಕೆ ಹೊಂದಿಸಿದರೆ ಸಿಗುವ ಚಿತ್ರ ಸ್ಪಷ್ಟ. ಅಜ್ಜಿಯ ಅಡುಗೆಯ ಸಾರವನ್ನು ತಿಳಿದುಕೊಂಡು ತನ್ನ ಮಾತಿನಲ್ಲಿ ಬರೆದವರಿಗೆ ಕಾಯ್ದೆಯ ರಕ್ಷಣೆ ಸಿಗುತ್ತದೆ. ಅರವತ್ತು ವರ್ಷ ಆ ಅಡುಗೆ ಮಾಡಿ ಹದ ಕಂಡುಕೊಂಡ ಅಜ್ಜಿಗೆ ಸಿಗುವುದಿಲ್ಲ. ಸೌಟು ಹಿಡಿದವರಿಗಿಂತ ಲೇಖನಿ ಹಿಡಿದವರ ಕಡೆಗೆ ಕಾಯ್ದೆ ವಾಲಿದೆ.

ಈ ಕಾರಣದಿಂದಲೇ ಅಪ್ಪಣೆ ಮತ್ತು ಹೆಸರು, ಇವೆರಡನ್ನು ಬೇರೆ ಬೇರೆಯಾಗಿ ನೋಡಬೇಕು. ಅಪ್ಪಣೆ ಕಾನೂನಿನ ವಿಷಯ. ಹೆಸರು ಹೇಳುವುದು ಋಣದ ವಿಷಯ. ಅಪ್ಪಣೆ ಬೇಡದ ಕಡೆಯೂ ಋಣ ಇರುತ್ತದೆ. ಹಾಗೆಯೇ, ಅಪ್ಪಣೆ ಬೇಕಾದ ಕಡೆ ಬರಿ ಹೆಸರು ಹಾಕಿದರೆ ಸಾಲದು. ‘ಕೃಪೆ: ಇಂಥ ಪುಸ್ತಕ’ ಎಂದು ಅಚ್ಚು ಮಾಡಿ ಹತ್ತು ಪುಟ ಎತ್ತಿಕೊಂಡರೆ, ಆ ಸಾಲು ಕೃಪೆಯನ್ನು ತಾನಾಗಿ ತಂದುಕೊಡುವುದಿಲ್ಲ.

ಬರೆದವರ ಹೆಸರಿನ ಮಟ್ಟಿಗೆ ಮಾತ್ರ ಕಾಯ್ದೆಯಲ್ಲಿ ಒಂದು ಗಟ್ಟಿ ಏರ್ಪಾಡಿದೆ. 57ನೇ ಕಲಮಿನ ಪ್ರಕಾರ ಲೇಖಕರು ತಮ್ಮ ಹಕ್ಕನ್ನು ಬೇರೆಯವರಿಗೆ ಮಾರಿದ ಮೇಲೂ, ಈ ಬರಹ ತನ್ನದೆಂದು ಹೇಳಿಕೊಳ್ಳುವ ಅಧಿಕಾರ ಉಳಿಯುತ್ತದೆ. ತಮ್ಮ ಕೀರ್ತಿಗೆ ಕುಂದು ಬರುವಂತೆ ಅದನ್ನು ತಿರುಚಿದರೆ ತಡೆಯುವ ಅಧಿಕಾರವೂ ಉಂಟು.

ಕೂಡಿ ಮಾಡಿದ ಪುಸ್ತಕಗಳು

ಸಮುದಾಯವೊಂದು ತನ್ನ ಅಡುಗೆಯನ್ನು ತಾನೇ ಬರೆದಿಟ್ಟುಕೊಂಡ ಉದಾಹರಣೆಗಳಲ್ಲಿ ಕರಾವಳಿ ಕನ್ನಡಿಗರಿಗೆ ಪರಿಚಿತವಾದದ್ದು ‘ರಸಚಂದ್ರಿಕಾ’. ಉತ್ತರ ಕನ್ನಡ, ದಕ್ಷಿಣ ಕನ್ನಡಗಳಿಂದ ಮುಂಬೈಗೆ ಹೋಗಿ ನೆಲೆಸಿದ ಸಾರಸ್ವತ ಕುಟುಂಬಗಳ ಮಹಿಳೆಯರ ಸಂಘಟನೆಯಾದ ಸಾರಸ್ವತ ಮಹಿಳಾ ಸಮಾಜ ಇದನ್ನು ಹೊರತಂದಿತು. ಮೊದಲು ಮರಾಠಿಯಲ್ಲಿ, ಬಳಿಕ ಇಂಗ್ಲಿಷಿನಲ್ಲಿ ಬಂದ ಈ ಪುಸ್ತಕದ ಜೊತೆ ಅಂಬಾಬಾಯಿ ಸಂಶಿಯವರ ಹೆಸರು ಸೇರಿಕೊಂಡಿದೆ. ಅಡುಗೆಯ ಜೊತೆಗೆ ಹಬ್ಬಹರಿದಿನ, ಮನೆಮದ್ದುಗಳ ವಿವರವೂ ಅದರಲ್ಲಿದೆ. ಊರು ಬಿಟ್ಟವರ ಮುಂದಿನ ಪೀಳಿಗೆಗೆ ಅದು ಅಡುಗೆಯ ಕೈಪಿಡಿ ಮಾತ್ರವಾಗಿ ಉಳಿಯಲಿಲ್ಲ, ತವರಿನ ವಿಳಾಸವೂ ಆಯಿತು.

ಇಂತಹ ಸಂಕಲನದಲ್ಲಿ ಎರಡು ಪದರದ ಹಕ್ಕುಗಳಿರುತ್ತವೆ. ಒಂದೊಂದು ಬರಹದ ಹಕ್ಕು ಅದನ್ನು ಬರೆದವರದು. ಯಾವುದನ್ನು ಆರಿಸಬೇಕು, ಹೇಗೆ ಜೋಡಿಸಬೇಕು ಎಂದು ಬುದ್ಧಿ ಓಡಿಸಿದ ಸಂಪಾದಕರಿಗೆ ಇಡೀ ಜೋಡಣೆಯ ಮೇಲೆ ಹಕ್ಕು. ಬರಿ ಬೆವರು ಸುರಿಸಿದರೆ ಸಾಲದು, ಅಲ್ಪಸ್ವಲ್ಪವಾದರೂ ಸ್ವಂತ ವಿವೇಚನೆ ಬೇಕು ಎಂದು 2007ರ ಡಿಸೆಂಬರಿನಲ್ಲಿ ಈಸ್ಟರ್ನ್ ಬುಕ್ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಲ್ಲಿ ವಿವಾದವಿದ್ದುದು ನ್ಯಾಯಾಲಯದ ತೀರ್ಪುಗಳನ್ನು ಸಂಪಾದಿಸಿ ಪ್ರಕಟಿಸುವ ಬಗ್ಗೆ. ತತ್ವ ಮಾತ್ರ ಅಡುಗೆ ಸಂಕಲನಕ್ಕೂ ಸಲ್ಲುತ್ತದೆ. ನೂರು ಅಡುಗೆಗಳನ್ನು ಅಕಾರಾದಿಯಾಗಿ ಸೇರಿಸಿದವರಿಗಿಂತ, ಸುಗ್ಗಿ, ಬೇಸಿಗೆ, ಮಳೆಗಾಲವೆಂದು ವಿಂಗಡಿಸಿ ಹೊಲದ ಬೆಳೆಯ ಜೊತೆ ಹೊಂದಿಸಿದವರ ಹಕ್ಕು ಗಟ್ಟಿ.

ಪರಂಪರೆಯಿಂದ ಪಡೆದು ಅದಕ್ಕೆ ಸ್ವಂತದ್ದನ್ನು ಸೇರಿಸಿದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದ್ದೇ ಒಂದು ಪ್ರಕರಣವಿದೆ. ಯಕ್ಷಗಾನ ಎಲ್ಲರ ಸೊತ್ತು. ಆದರೆ ಅದರಿಂದ ಶಿವರಾಮ ಕಾರಂತರು ರೂಪಿಸಿದ ಯಕ್ಷಗಾನ ಬ್ಯಾಲೆ ಅವರ ಸ್ವಂತ ಸೃಷ್ಟಿ. ಅವರ ಕಾಲಾನಂತರ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ಮತ್ತು ಕಾರಂತರ ಮರಣಪತ್ರದ ಆಧಾರದಲ್ಲಿ ಹಕ್ಕು ಕೇಳಿದ ಮಾಲಿನಿ ಮಲ್ಯರ ನಡುವೆ ನಡೆದ ದಾವೆ 2009ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾಯಿತು. ಹಕ್ಕು ಮಲ್ಯರಿಗೆ ಸೇರಿತು. ಜೊತೆಗೆ, ಶಿಕ್ಷಣ ಸಂಸ್ಥೆಗಳಿಗೆ ಕಾಯ್ದೆಯೇ ಕೊಟ್ಟಿರುವ ವಿನಾಯಿತಿಗಳನ್ನು ಅಕಾಡೆಮಿ ಬಳಸಿಕೊಳ್ಳಬಹುದೆಂದೂ ನ್ಯಾಯಾಲಯ ಹೇಳಿತು. ಕಾರಂತರ ಹಕ್ಕಿನಿಂದ ಯಕ್ಷಗಾನ ಯಾರಿಗೂ ತಪ್ಪಿಹೋಗಲಿಲ್ಲ. ಅಡುಗೆಯಲ್ಲಿಯೂ ಹಾಗೆ. ಭಜ್ಜಿಯ ಬಗ್ಗೆ ನೀವು ಬರೆದದ್ದು ನಿಮ್ಮದಾಗಬಹುದು, ಭಜ್ಜಿ ನಿಮ್ಮದಾಗುವುದಿಲ್ಲ.

ಊರಿನ ಹೆಸರು, ಅರಿಸಿನದ ಪಾಠ

ಹಾಗಾದರೆ ಊರಿಗೇ ಒಂದು ಹಕ್ಕು ಬೇಡವೆ? ಅದಕ್ಕಾಗಿ ಬೇರೆ ಕಾನೂನಿದೆ. 1999ರ ಭೌಗೋಳಿಕ ಸೂಚಕಗಳ ಕಾಯ್ದೆ 2003ರಲ್ಲಿ ಜಾರಿಗೆ ಬಂತು. ಬೀದರಿನ ಬಿದ್ರಿ ಕಲೆಗೆ ಈ ಮಾನ್ಯತೆ ಸಿಕ್ಕಿದೆ. ತಿನಿಸುಗಳಲ್ಲಿ ಧಾರವಾಡ ಪೇಡೆಗೆ, ಪಕ್ಕದ ಕಲಬುರಗಿಯ ತೊಗರಿ ಬೇಳೆಗೆ ದೊರೆತಿದೆ. ರಸಗುಲ್ಲದ ವಿಷಯದಲ್ಲಿ 2017ರಲ್ಲಿ ಬಂಗಾಳಕ್ಕೂ 2019ರಲ್ಲಿ ಒಡಿಶಾಕ್ಕೂ ಅವರವರ ಬಗೆಗೆ ಪ್ರತ್ಯೇಕ ಮಾನ್ಯತೆ ಸಿಕ್ಕಿದ್ದು ದೊಡ್ಡ ಸುದ್ದಿಯಾಗಿತ್ತು. ಆದರೆ ಈ ಕಾಯ್ದೆ ರಕ್ಷಿಸುವುದು ಮಾರಾಟದ ಸರಕಿನ ಹೆಸರನ್ನು. ಧಾರವಾಡ ಪೇಡೆ ಮಾಡುವ ಕ್ರಮವನ್ನು ಪುಸ್ತಕದಲ್ಲಿ ಬರೆಯುವುದಕ್ಕೆ ಅದು ಅಡ್ಡಿಯಲ್ಲ.

ಬರೆದಿಡುವುದರಿಂದ ಊರಿಗೆ ಇನ್ನೊಂದು ಲಾಭವಿದೆ. ಗಾಯ ಮಾಯಿಸಲು ಅರಿಸಿನ ಬಳಸುವ ವಿಧಾನಕ್ಕೆ 1995ರಲ್ಲಿ ಅಮೆರಿಕದಲ್ಲಿ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಪೇಟೆಂಟ್ ಸಿಕ್ಕಿತ್ತು. ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಅದನ್ನು ಪ್ರಶ್ನಿಸಿ, ಇದು ಭಾರತದ ಮನೆಮನೆಯ ಮದ್ದು ಎಂದು ಹಳೆಯ ಬರಹಗಳ ಆಧಾರ ಒದಗಿಸಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಎಲ್ಲರಿಗೂ ಗೊತ್ತು ಎಂಬ ಬಾಯಿಮಾತಿಗಿಂತ ಅಚ್ಚಾದ ಕಾಗದಕ್ಕೆ ಅಲ್ಲಿ ತೂಕವಿತ್ತು. ಊರಿನ ಅಡುಗೆ ಪುಸ್ತಕವೂ ಅಂತಹ ಒಂದು ಸಾಕ್ಷಿಪತ್ರವಾಗಬಲ್ಲದು. ಇಂಥ ವರ್ಷದಲ್ಲಿ ಇಂಥ ಊರಿನಲ್ಲಿ ಹೀಗೆ ಮಾಡುತ್ತಿದ್ದರು ಎಂಬುದಕ್ಕೆ ಮುಂದೊಂದು ದಿನ ಅದೇ ದಾಖಲೆ.

ಸಂಘಗಳು ಮಾಡಬೇಕಾದದ್ದು

ಪುಸ್ತಕ ತರುವ ಸಂಘಗಳು ಮೊದಲೇ ಕೆಲವು ಎಚ್ಚರ ವಹಿಸಿದರೆ ಮುಂದಿನ ಮನಸ್ತಾಪ ತಪ್ಪುತ್ತದೆ. ಅಡುಗೆ ಕೊಡುವ ಪ್ರತಿಯೊಬ್ಬರಿಂದ ಒಂದು ಚಿಕ್ಕ ಒಪ್ಪಿಗೆ ಪತ್ರ ಪಡೆಯಬೇಕು. ಇದು ನನ್ನ ಬರಹ ಅಥವಾ ನಾನು ಹೇಳಿದ್ದು, ಸಂಘ ಇದನ್ನು ಅಚ್ಚು ಮಾಡಬಹುದು ಎಂಬಷ್ಟು ಇದ್ದರೆ ಸಾಕು. ಓದು ಬಾರದವರಿಗೆ ಓದಿ ಹೇಳಿ ಹೆಬ್ಬೆಟ್ಟು ಪಡೆಯಬೇಕು. ಹಕ್ಕನ್ನೇ ಸಂಘಕ್ಕೆ ಬಿಟ್ಟುಕೊಡುವುದಾದರೆ ಅದು ಬರಹದಲ್ಲಿಯೇ ಆಗಬೇಕು. ಅವಧಿ ಬರೆಯದಿದ್ದರೆ ಐದು ವರ್ಷವೆಂದೂ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಸೀಮಿತವೆಂದೂ ಕಾಯ್ದೆ ಎಣಿಸುತ್ತದೆ. ಎರಡನೆಯ ಮುದ್ರಣದ ಹೊತ್ತಿಗೆ ಈ ಐದು ವರ್ಷದ ಲೆಕ್ಕ ಮರೆಯಬಾರದು. ಹಣ ಬಂದರೆ ಅದು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಅದೇ ಪತ್ರದಲ್ಲಿ ಬರೆದಿಡುವುದು ಜಾಣತನ.

ಎರಡನೆಯದು, ಮೂಲದ ನೆನಪು. ಯಾರು ಹೇಳಿದರು, ಅವರು ಯಾರಿಂದ ಕಲಿತರು, ಯಾವ ಪುಸ್ತಕದ್ದು, ಏನು ಬದಲಿಸಿದೆವು ಎಂಬುದನ್ನು ಬರೆದುಕೊಳ್ಳುವಾಗಲೇ ಗುರುತು ಹಾಕಬೇಕು. ಅಚ್ಚಿಗೆ ಹೋಗುವ ಹಿಂದಿನ ರಾತ್ರಿ ಇದು ನೆನಪಾಗುವುದಿಲ್ಲ. ಮುದ್ರಿತ ಪುಸ್ತಕದಿಂದ ಬಂದ ಅಡುಗೆಯಾದರೆ, ಪುಸ್ತಕ ಮುಚ್ಚಿಟ್ಟು, ಮಾಡಿ ನೋಡಿ, ಸ್ವಂತ ಮಾತಿನಲ್ಲಿ ಬರೆಯಬೇಕು. ಆಮೇಲೆ ‘ಇಂಥವರ ಇಂಥ ಪುಸ್ತಕದ ಅಡುಗೆಯನ್ನು ಆಧರಿಸಿದ್ದು. ಗೋಧಿಯ ಬದಲು ಜೋಳ ಬಳಸಿದೆ’ ಎಂದು ಒಂದು ಸಾಲು ಸೇರಿಸಬೇಕು.

ಮೂರನೆಯದು, ಹೆಸರು. ಹೇಳಿದವರ ಹೆಸರನ್ನೂ ಬರೆದವರ ಹೆಸರನ್ನೂ ಬೇರೆ ಬೇರೆಯಾಗಿ ಕೊಡುವುದು ಒಳ್ಳೆಯದು. ‘ಹೇಳಿದವರು’, ‘ಬರೆದವರು’ ಎಂಬ ಎರಡು ಮಾತು ಎಷ್ಟೂ ಜಾಗ ನುಂಗುವುದಿಲ್ಲ. ಕಾಯ್ದೆ ಅಜ್ಜಿಗೆ ಕೊಡದಿರುವುದನ್ನು ಪುಸ್ತಕ ಕೊಡಬಹುದು. ಆದರೆ ಎಲ್ಲ ಹೆಂಗಸರೂ ಹೆಸರು ಅಚ್ಚಾಗುವುದನ್ನು ಬಯಸುತ್ತಾರೆಂದು ತಿಳಿಯಬಾರದು. ಬೇಡವೆಂದವರ ಮಾತಿಗೂ ಬೆಲೆ ಇರಬೇಕು. ಎರಡು ಮನೆಯವರು ಒಂದೇ ಅಡುಗೆಯನ್ನು ತಮ್ಮದೆಂದರೆ ಎರಡೂ ಬಗೆಯನ್ನು ಅಕ್ಕಪಕ್ಕ ಹಾಕಿದರಾಯಿತು.

ವ್ಯಕ್ತಿಯ ಹೆಸರಿನಷ್ಟೇ ಸಮುದಾಯದ ಹೆಸರೂ ಮುಖ್ಯ. ತಾಂಡೆಯ ಲಂಬಾಣಿ ಮನೆಯ ಅಡುಗೆ, ಬೀದರ ಪೇಟೆಯ ಮುಸ್ಲಿಂ ಮನೆಯ ಅಡುಗೆ, ಊರ ಅಂಚಿನ ಕೇರಿಯ ಅಡುಗೆ, ಎಲ್ಲವನ್ನೂ ‘ಬೀದರ ಶೈಲಿ’ ಎಂಬ ಒಂದು ಶೀರ್ಷಿಕೆಯಡಿ ತಂದರೆ ಪುಸ್ತಕ ಅಂದವಾಗಿ ಕಾಣಬಹುದು, ಪ್ರಾಮಾಣಿಕವಾಗಿರುವುದಿಲ್ಲ. ಕೆಲವೊಮ್ಮೆ ಕೇರಿಯ ಅಡುಗೆ ಪುಸ್ತಕದೊಳಗೆ ಬರುವುದೇ ಇಲ್ಲ. ನೆರೆಯ ಮರಾಠವಾಡದ ಶಾಹೂ ಪಾಟೋಳೆಯ ‘ಅನ್ನ ಹೇ ಅಪೂರ್ಣ ಬ್ರಹ್ಮ’ ಎಂಬ ಮರಾಠಿ ಪುಸ್ತಕ 2015ರಲ್ಲಿ ಬಂತು. ದಲಿತರ ಅಡುಗೆಗಳನ್ನು ದಾಖಲಿಸಿದ ಈ ಕೃತಿ 2024ರಲ್ಲಿ ಇಂಗ್ಲಿಷಿಗೂ ಬಂದಿದೆ. ಅನ್ನವನ್ನು ಪೂರ್ಣಬ್ರಹ್ಮವೆಂದು ಕರೆಯುವ ಪರಂಪರೆಯಲ್ಲಿ ಯಾರ ತಾಟು ಬಿಟ್ಟುಹೋಗಿದೆ ಎಂಬ ಪ್ರಶ್ನೆ ಅದರ ಹೆಸರಿನಲ್ಲಿಯೇ ಇದೆ.

ಉಲ್ಲಂಘನೆಯೆಂದು ತಿಳಿದೂ ನಕಲು ಮಾಡಿದವರಿಗೆ ಆರು ತಿಂಗಳಿನಿಂದ ಮೂರು ವರ್ಷದವರೆಗೆ ಸಜೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಎಂದು ಕಾಯ್ದೆಯ 63ನೇ ಕಲಮು ಹೇಳುತ್ತದೆ. ವ್ಯಾಪಾರದ ಲಾಭಕ್ಕಾಗಿ ಮಾಡಿದ್ದಲ್ಲವಾದರೆ ನ್ಯಾಯಾಲಯ ಕಾರಣ ಕೊಟ್ಟು ಇದನ್ನು ಕಡಿಮೆ ಮಾಡಬಹುದು. ಸಂಘದ ಪುಸ್ತಕವನ್ನೇ ಇನ್ನೊಬ್ಬರು ನಕಲು ಮಾಡಿದರೆ ಇದೇ ಕಾಯ್ದೆ ಸಂಘದ ನೆರವಿಗೂ ಬರುತ್ತದೆ. ಹಕ್ಕು ಹುಟ್ಟಲು ನೋಂದಣಿ ಕಡ್ಡಾಯವಲ್ಲ. ಬರೆದ ಕ್ಷಣದಲ್ಲಿಯೇ ಅದು ಹುಟ್ಟಿರುತ್ತದೆ. ನೋಂದಣಿ ಮಾಡಿಸಿದ್ದರೆ ರುಜುವಾತಿಗೆ ಅನುಕೂಲ, ಅಷ್ಟೇ.

ಆದರೆ ಅಡುಗೆಯ ವಿಷಯ ಕೋರ್ಟಿನ ಮೆಟ್ಟಿಲೇರುವುದು ಅಪರೂಪ. ಊರಿನಲ್ಲಿ ನಡೆಯುವುದು ಬೇರೆ. ತಾನು ಹೇಳಿಕೊಟ್ಟ ಅಡುಗೆ ಇನ್ನೊಬ್ಬರ ಹೆಸರಿನಲ್ಲಿ ಅಚ್ಚಾಗಿದ್ದನ್ನು ಕಂಡ ಹೆಂಗಸು ದಾವೆ ಹೂಡುವುದಿಲ್ಲ. ಮುಂದಿನ ಸಲ ಕೇಳಲು ಹೋದವರಿಗೆ ಹೇಳಿಕೊಡುವುದಿಲ್ಲ, ಅಷ್ಟೇ. ಹುಳಿ ಎಷ್ಟು, ಹಿಟ್ಟು ಯಾವಾಗ, ಅಂಬಲಿ ಎಷ್ಟು ಹೊತ್ತು ಹುದುಗಬೇಕು ಎಂಬ ತಿಳಿವಳಿಕೆ ಅವಳೊಂದಿಗೆ ಉಳಿದು ಅವಳೊಂದಿಗೆ ಹೋಗುತ್ತದೆ. ಆ ನಷ್ಟವನ್ನು ಯಾವ ದಂಡವೂ ತುಂಬಿಕೊಡಲಾರದು. ಪುಟದ ಕೆಳಗೆ ಒಂದು ಹೆಸರು ಸೇರಿಸಲು ತಗಲುವ ಮಸಿ ಮಾತ್ರ ಬಹಳ ಅಗ್ಗ.